ಉಮ್ಮ ಮಾತಾಡುವಾಗ ಫ್ಯಾನ್ ಬಂದ್

ಕೇರಳದ ತಿರೂರಿನ ಸೈದಾಲಿಕ್ಕ ಯಾವುದನ್ನೂ ಬೇಗ ಕೊಂಡವರಲ್ಲ. ಯಾವ ಮಿಕ್ಸಿ ಒಳ್ಳೆಯದೆಂದು ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಹೆಂಡತಿ ಬಿಯ್ಯಾತು ರುಬ್ಬುವ ಕಲ್ಲಿನಲ್ಲೇ ರುಬ್ಬಿ ಮಗಳ ಮದುವೆ ಮುಗಿಸಿದ್ದರು. ಸೈದಾಲಿಕ್ಕ ಅಬುಧಾಬಿಯಲ್ಲಿ ಎಸಿ ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದು ಬಂದವರು. ಯಂತ್ರವೆಂದರೆ ಮೊದಲು ಅದರ ಬೆನ್ನು ನೋಡಬೇಕೆಂಬುದು ಅವರ ಮತ. ಅಂಗಡಿಯವರು ಮುಂದಿನ ದೀಪಗಳನ್ನು ಹೊಗಳುತ್ತಿದ್ದರೆ ಇವರು ಹಿಂದಕ್ಕೆ ಹೋಗಿ, ಕನ್ನಡಕವನ್ನು ಹಣೆಗೇರಿಸಿ, ತಂತಿ ಸಿಕ್ಕಿಸುವ ತೂತುಗಳನ್ನು ನೋಡುತ್ತ ನಿಂತುಬಿಡುತ್ತಿದ್ದರು.

ಈ ಸಲ ಮಾತ್ರ ಆತುರವಿತ್ತು. ಹೆತ್ತ ಉಮ್ಮನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು.

ಅವರು ಕೊಲ್ಲಿಯಲ್ಲಿದ್ದಾಗ ಕಾಗದದ ಬದಲು ವಿಡಿಯೋ ಕ್ಯಾಸೆಟ್ಟೇ ಹೋಗುತ್ತಿದ್ದ ಕಾಲವೊಂದಿತ್ತು. ಮದುವೆ ವಿಡಿಯೋ ತೆಗೆಯುವವನನ್ನು ಕರೆಸಿ, ಹೊಸ ಗೋಡೆ, ಕರು ಹಾಕಿದ ಹಸು, ಮಗುವಿನ ಮೊದಲ ಹಲ್ಲು ಎಲ್ಲವನ್ನೂ ತೆಗೆಸಿ, ಊರಿಂದ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಪಕ್ಕದಲ್ಲಿಟ್ಟು ಕಳಿಸುವುದು. ಹಾಗೆ ಹೋದ ಒಂದು ಕ್ಯಾಸೆಟ್ಟಿನಲ್ಲಿ ಉಮ್ಮ ಜಗಲಿಯ ಕುರ್ಚಿಯಲ್ಲಿ ಕೂತು ಮಗನೊಡನೆ ಮಾತಾಡಿದ್ದರು. ಕ್ಯಾಮೆರಾವೂ ಫೋನಿನಂಥದೇ ಎಂದು ನಂಬಿದ್ದ ಉಮ್ಮ ಪ್ರತಿ ಪ್ರಶ್ನೆಯ ನಂತರ ಉತ್ತರಕ್ಕಾಗಿ ಕಾಯುತ್ತಿದ್ದರು. ಅಬುಧಾಬಿಯ ರೂಮಿನಲ್ಲಿ ಸೈದಾಲಿಕ್ಕ ಆ ಬಿಡುವಿನಲ್ಲಿ ತಪ್ಪದೆ ಉತ್ತರ ಹೇಳುತ್ತಿದ್ದರು. ರೂಮಿನವರು ಮೊದಮೊದಲು ನಕ್ಕರು. ಆಮೇಲೆ ಅವರೂ ಸೇರಿಕೊಂಡು, ಇವನು ಸುಳ್ಳು ಹೇಳ್ತಾನೆ ಉಮ್ಮ, ಒಣ ಖುಬ್ಬೂಸ್ ರೊಟ್ಟಿ ತಿಂದು ಮಲಗ್ತಾನೆ ಎಂದು ಚಾಡಿ ಹೇಳತೊಡಗಿದರು.

ಉಮ್ಮ ಹೋಗಿ ಬಹಳ ಕಾಲವಾಯಿತು. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಹೆಂಗಸು. ಮಾತಾಡುವ ಉಮ್ಮ ಉಳಿದಿದ್ದುದು ಆ ಒಂದು ಕ್ಯಾಸೆಟ್ಟಿನಲ್ಲಷ್ಟೇ. ರಿಪೇರಿಯ ಹಂಸಕುಟ್ಟಿ ಬೂಷ್ಟನ್ನು ಒರೆಸಿಕೊಟ್ಟು, "ಒಂದ್ಸಲ ಓಡುತ್ತೆ ಸೈದಾಲಿಕ್ಕ. ಎರಡನೇ ಸಲಕ್ಕೆ ನನ್ನ ಕೇಳ್ಬೇಡಿ" ಎಂದಿದ್ದ.

ಆ ಒಂದು ಸಲದಲ್ಲೇ ಉಮ್ಮನನ್ನು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕಿತ್ತು. ಊರಿನ ಗಲ್ಫ್ ಬಜಾರಿನಲ್ಲಿ ಕ್ಯಾಸೆಟ್ಟೂ ಡಿಸ್ಕೂ ಒಟ್ಟಿಗೆ ಓಡುವ ಜೋಡಿ ಪೆಟ್ಟಿಗೆಯೊಂದಿತ್ತು. ಒಂದು ಕೆಟ್ಟರೆ ಎರಡೂ ರಿಪೇರಿಗೆ ಹೋಗಬೇಕಲ್ಲ ಎಂದು ಸೈದಾಲಿಕ್ಕ ಅದನ್ನು ತಳ್ಳಿಹಾಕಿ, ಮನೆಯ ಹಳೇ ವಿಸಿಆರ್‌ಗೆ ಹೊಂದುವ ಬೇರೆ ಡಿಸ್ಕ್ ರೆಕಾರ್ಡರನ್ನೇ ಆರಿಸಿದರು. ಎಡವಿದ್ದು ಡಿಸ್ಕಿನಲ್ಲಿ. ಪ್ಲಸ್ ಗುರುತಿನದೊಂದು, ಮೈನಸ್ ಗುರುತಿನದೊಂದು. ಮೈನಸ್ ಎಂದರೆ ಏನೋ ಕಡಿಮೆ ಇರಬೇಕೆಂದು ಪ್ಲಸ್ಸನ್ನೇ ತಂದರು. ರೆಕಾರ್ಡರ್ ಅದನ್ನು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಗೊಣಗಿ, ಹೊರಗೆ ತಳ್ಳಿತು.

"ಮೆಷಿನ್ನಿನ ಬೆನ್ನೆಲ್ಲ ನೋಡಿದ್ರಿ, ಡಬ್ಬಿ ಮೇಲೆ ಬರೆದಿದ್ದು ಮಾತ್ರ ಕಾಣಿಸ್ಲಿಲ್ಲ" ಎಂದರು ಬಿಯ್ಯಾತು.

ಮತ್ತೆ ಹೋಗಿ ಮೈನಸ್ಸಿನದು ತಂದರು. ಅದರಲ್ಲೂ ಎರಡು ಬಗೆ: ಅಳಿಸಿ ಬರೆಯುವಂಥದು ಪ್ರಯೋಗಕ್ಕೆ, ಒಮ್ಮೆ ಬರೆದರೆ ಅಳಿಸಲಾಗದ್ದು ಉಮ್ಮನಿಗೆ.

ಪ್ರಯೋಗಕ್ಕೆ ಮಗಳ ಮದುವೆಯ ಕ್ಯಾಸೆಟ್ ಹಾಕಿದರು. ಡಿಸ್ಕನ್ನು ಓಡಿಸಿ ನೋಡಿದಾಗ, ಹಾಡು ಗದ್ದಲಗಳ ನಡುವೆ ಹೆಂಗಸೊಬ್ಬಳು "ಉಪ್ಪೆಲ್ಲಿ?" ಎಂದು ಕೇಳಿದ್ದು ಸ್ಪಷ್ಟವಾಗಿತ್ತು. ಅದು ಬಿಯ್ಯಾತುವಿನ ದನಿಯೇ. ನಕಲು ನಡೆಯುವಾಗ ಅಡುಗೆಮನೆಯಿಂದ ಆಕೆ ಕೇಳಿದ್ದೇ ಡಿಸ್ಕಿಗಿಳಿದಿದೆ ಎಂದುಕೊಂಡರು ಸೈದಾಲಿಕ್ಕ. ಹಿಂದೆ ಮಾತಿನ ಕ್ಯಾಸೆಟ್ಟುಗಳ ಕಾಲದಲ್ಲಿ ಎರಡು ಟೇಪ್‌ರೆಕಾರ್ಡರುಗಳನ್ನು ಮುಖಾಮುಖಿ ಕೂರಿಸಿ, ಬಾಗಿಲು ಹಾಕಿಕೊಂಡು ನಕಲು ತೆಗೆಯುತ್ತಿದ್ದರು. ಯಾರೋ ಕೆಮ್ಮಿದರೆ ಆ ಕೆಮ್ಮೂ ನಕಲಿಗಿಳಿಯುತ್ತಿತ್ತು. ಈ ಯಂತ್ರದ ಬುದ್ಧಿಯೂ ಅದೇ ಎಂದು ಅವರು ತೀರ್ಮಾನಿಸಿದರು.

ಹೀಗಾಗಿ ಉಮ್ಮನ ಸರದಿ ಬಂದಾಗ ಆ ಮನೆಯಲ್ಲಿ ಫ್ಯಾನ್ ಬಂದ್, ಕುಕ್ಕರ್ ಬಂದ್. ಪಕ್ಕದ ಮನೆಯ ಕೋಳಿಗಳನ್ನೂ ಬುಟ್ಟಿಯಡಿ ಮುಚ್ಚಿಸಿಯಾಯಿತು. ಸಂಜೆ ಕರೆಂಟ್ ಹೋಗುತ್ತದೆಂದು ಬೆಳಿಗ್ಗೆಯೇ ಶುರು. ಗಂಡ ಹೆಂಡತಿ ಬೆವರು ಒರೆಸಿಕೊಳ್ಳುತ್ತ ಉಸಿರು ಹಿಡಿದು ಕೂತರು.

ಪರದೆಯ ಮೇಲೆ ಗೆರೆಗಳು ಓಡಿದವು. ಗೆರೆಗಳ ಹಿಂದಿನಿಂದ ಉಮ್ಮ ಬಂದರು. ತಟ್ಟದ ಬಟ್ಟೆಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಮಗನನ್ನು ಕೇಳಿದರು, "ಊಟ ಆಯ್ತೇನೋ ಮೋನೇ?"

ಕಾದರು. ಸೈದಾಲಿಕ್ಕ ತುಟಿ ಕಚ್ಚಿಕೊಂಡರು.

ಅಲ್ಲಿ ಬಿಸಿಲು ಜಾಸ್ತಿಯಾ ಎಂದರು ಉಮ್ಮ. ಕಾದರು. ತಲೆಗೆ ಎಣ್ಣೆ ಹಾಕ್ತಿದೀಯಾ ಎಂದರು. ತಲೆಯಲ್ಲಿ ಈಗ ಕೂದಲೇ ಇಲ್ಲವೆಂದು ಹೇಳುವಂತೆಯೂ ಇಲ್ಲ. ಸೈದಾಲಿಕ್ಕ ಟವೆಲನ್ನು ಬಾಯಿಗೆ ಒತ್ತಿ ಹಿಡಿದರು. ಪ್ರತಿ ಬಿಡುವಿನಲ್ಲೂ ಉಮ್ಮನ ಕಣ್ಣು ಕ್ಯಾಮೆರಾದೊಳಗೆ ಯಾರನ್ನೋ ಹುಡುಕುತ್ತಿತ್ತು. ಇಷ್ಟು ವರ್ಷದಲ್ಲಿ ಮಗ ಮಾತಾಡದೆ ಕೂತದ್ದು ಇದೇ ಮೊದಲು.

ಕೊನೆಗೆ ಉಮ್ಮ ಮುಂದಕ್ಕೆ ಬಾಗಿದರು. "ಸೈದೂ, ನನ್ನ ಮಾತು ಕೇಳಿಸ್ತಿದೆಯಾ ನಿಂಗೆ?"

ಟವೆಲು ಜಾರಿತು. "ಕೇಳಿಸ್ತಿದೆ ಉಮ್ಮಾ," ಎಂದರು ಸೈದಾಲಿಕ್ಕ. "ಕೇಳಿಸ್ತಿದೆ."

ಉಮ್ಮ ತಲೆಯಾಡಿಸಿ ಎದ್ದು ಹೋದರು. ಪರದೆ ಕಪ್ಪಾಯಿತು. ವಿಸಿಆರ್‌ನಿಂದ ಕರಕರ ಸದ್ದು. ಕ್ಯಾಸೆಟ್ಟನ್ನು ತೆಗೆಯಹೋದರೆ ರೀಲು ಸುಕ್ಕುಸುಕ್ಕಾಗಿ ತುಂಡಾಗಿ ಕೈಗೆ ಬಂತು.

ಸೈದಾಲಿಕ್ಕ ತಲೆಯ ಮೇಲೆ ಕೈ ಹೊತ್ತು ಕೂತರು. ಇದ್ದ ಒಂದೇ ನಕಲಿನಲ್ಲಿ ಉಮ್ಮನ ಮಾತಿನ ಮೇಲೆ ತನ್ನ ದನಿ ಬಿತ್ತು, ಅಳಿಸಲೂ ಬಾರದ ಡಿಸ್ಕು ಬೇರೆ ಎಂದು ಗೋಳಾಡಿದರು. ಬಿಯ್ಯಾತು ಡಿಸ್ಕ್ ಓಡಿಸಿದರು. ಉಮ್ಮ ಮುಂದಕ್ಕೆ ಬಾಗಿದರು, ಕೇಳಿದರು, ಕಾದರು, ತಲೆಯಾಡಿಸಿದರು. ಮಗನ ದನಿ ಎಲ್ಲೂ ಇರಲಿಲ್ಲ.

"ತಂತಿಯಲ್ಲಿ ಹೋಗೋದಷ್ಟೇ ಡಿಸ್ಕಿಗೆ ಹೋಗೋದು. ಎಸಿ ರಿಪೇರಿ ಮಾಡಿದೋರಿಗೆ ಇದನ್ನ ನಾನು ಹೇಳ್ಬೇಕಾ?" ಎಂದರು ಬಿಯ್ಯಾತು. "ಆವತ್ತು ಉಪ್ಪು ಕೇಳಿದ್ದು ನಾನೇ. ಆದ್ರೆ ಮದುವೆ ದಿನ."

ಸೈದಾಲಿಕ್ಕನಿಗೆ ಉಸಿರು ಬಂತು. ಹಿಂದೆಯೇ ಮುಖ ಸ್ವಲ್ಪ ಸಣ್ಣದಾಯಿತು. ತನ್ನ ದನಿಯೂ ಒಂದಿಷ್ಟು ಇದ್ದಿದ್ದರೆ ಉಮ್ಮ ಹಾಗೆ ಸುಮ್ಮನೆ ಕಾಯಬೇಕಿರಲಿಲ್ಲ ಎಂದರು.

"ನೀವು ಇಲ್ಲೇ ಇದ್ದೀರಲ್ಲ, ಕೇಳಿದಾಗ ಹೇಳಿ" ಎಂದು ಬಿಯ್ಯಾತು ಫ್ಯಾನ್ ಹಾಕಿ ಅಡುಗೆಮನೆಗೆ ಹೋದರು. ಪಕ್ಕದ ಮನೆಯವರು ಕೋಳಿಗಳನ್ನು ಬಿಟ್ಟರು.

ಸೈದಾಲಿಕ್ಕ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು ಡಿಸ್ಕನ್ನು ಮೊದಲಿಂದ ಹಾಕಿದರು.

"ಊಟ ಆಯ್ತೇನೋ ಮೋನೇ?"

"ಆಯ್ತು ಉಮ್ಮಾ."

"ಸುಳ್ಳು ಉಮ್ಮಾ," ಒಳಗಿಂದ ಬಿಯ್ಯಾತು ಕೂಗಿದರು. "ಮೀನು ಇನ್ನೂ ಒಲೆ ಮೇಲಿದೆ."