ಟ್ಯಾಂಕಿನ ಕೆಳಗಿನ ನಲ್ಲಿ

ಡಾಂಬರು ಪ್ಲಾಂಟಿನಲ್ಲಿ ಅವಳನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಡಾಂಬರು ಪರೀಕ್ಷಿಸುವ ಅದೇ ಕೋಣೆ, ಅದೇ ನೀರಿನ ತೊಟ್ಟಿ. ಇಂಜಿನಿಯರುಗಳು ಅವಳ ಕಣ್ಣಿಗೆ ಇಸ್ತ್ರಿ ಮಾಡಿದ ಅಂಗಿಗಳು. ಲಾರಿಯವರು ಹಾರನ್ ಹೊಡೆಯಲು ಹುಟ್ಟಿದವರು. ಎಲ್ಲರಿಗಿಂತ ಕಡೆ ಎಂದರೆ ಸ್ವಂತ ಮೈದುನ. ಗಂಡನ ಕಾಟ ತಡೆಯಲಾರದೆ ಅವಳೇ ಶಿಫಾರಸು ಮಾಡಿ ಅವನನ್ನು ಟ್ಯಾಂಕು ಕಲಕುವ ಕೆಲಸಕ್ಕೆ ಸೇರಿಸಿದ್ದಳು. ಸೇರಿಸಿದ್ದನ್ನು ವಾರಕ್ಕೆರಡು ಸಲ ನೆನಪಿಸುತ್ತಲೂ ಇದ್ದಳು.

ಆ ವರ್ಷ ಬಸ್ ನಿಲ್ದಾಣದ ಇಳಿಜಾರಿಗೆ ಹೊಸ ಬಗೆಯ ಡಾಂಬರು ಬೇಕಾಗಿತ್ತು. ಬಿಸಿಲಿಗೆ ಮೆತ್ತಗಾಗದಂತೆ ಅದಕ್ಕೆ ರಬ್ಬರಿನಂಥ ಪಾಲಿಮರ್ ಕಾಳು ಹಾಕಿ, ಅದು ಹೊಂದಿಕೊಳ್ಳಲು ಒಂದಿಷ್ಟು ಎಣ್ಣೆ ಸುರಿದು, ಬಿಸಿಯಲ್ಲಿ ಕಲಕುತ್ತಲೇ ಇರಬೇಕು. ಕಲಕುವ ಮೋಟಾರು ಎರಡು ದಿನ ಕೆಟ್ಟು ಕೂತಿತು. ಮೂರನೇ ದಿನ ಬೆಳಿಗ್ಗೆ, ರಿಪೇರಿಯಾಗುವ ಮೊದಲೇ, ಮ್ಯಾನೇಜರು ಡಾಂಬರು ತುಂಬಲು ಲಾರಿ ಕರೆಸಿದರು.

ಮೈದುನ ಲ್ಯಾಬಿನ ಬಾಗಿಲಲ್ಲಿ ನಿಂತ. ಕೈಯಲ್ಲಿ ತಾರೀಕು ಬರೆದ ಡಬ್ಬಿ. “ಅತ್ತಿಗೆ, ಎರಡು ದಿನ ಕಲಕಿಲ್ಲ, ಪಾಲಿಮರ್ ಎಲ್ಲಾ ಮೇಲೆ ತೇಲಿರುತ್ತೆ. ಲಾರಿಗೆ ತುಂಬೋದು ಕೆಳಗಿನ ನಲ್ಲಿಯಿಂದ. ಅಲ್ಲಿಂದಲೇ ಈ ಸ್ಯಾಂಪಲ್ ಹಿಡಿದಿದ್ದೀನಿ, ಇದನ್ನೂ ನೋಡಿ.”

“ಓಹೋ! ನನಗೇ ಪಾಠ ಹೇಳೋಕೆ ಬಂದ್ಯಾ? ಇಪ್ಪತ್ತೆರಡು ವರ್ಷ ಮೇಲಿನ ಮುಚ್ಚಳದಿಂದಲೇ ತೆಗೆದಿದ್ದೀನಿ. ಯಾವ ರಸ್ತೆ ಬಾಯಿ ಬಿಟ್ಟಿದೆ? ಹೋಗು, ನಿನ್ನ ಮೋಟಾರು ನೋಡ್ಕೋ.”

ಅವನು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಹೋದ.

ಅವಳ ಮಾತು ಸುಳ್ಳಲ್ಲ. ಹಳೇ ಡಾಂಬರು ಮೇಲೂ ಒಂದೇ, ತಳದಲ್ಲೂ ಒಂದೇ. ಇದು ಹಳೇ ಡಾಂಬರಲ್ಲ ಎಂಬುದು ಆ ಮಹಾ ಬುದ್ಧಿವಂತೆಗೆ ಹೊಳೆಯಲಿಲ್ಲ. ಹೇಳಿದವನು ಮೈದುನನಾದ್ದರಿಂದ ಹೊಳೆಯುವ ಸಂಭವವೂ ಇರಲಿಲ್ಲ. ಮೇಲಿನ ಸ್ಯಾಂಪಲನ್ನು ನೀರಿನ ತೊಟ್ಟಿಯಲ್ಲಿ ಎಳೆದು ದಾರ ಮಾಡಿ, ನಡುವೆ ಕತ್ತರಿಸಿದಳು. ಗಂಟೆಯೊಳಗೆ ಎರಡೂ ತುಂಡು ರಬ್ಬರಿನಂತೆ ಹಿಂದಕ್ಕೆ ಸರಿದವು. ಪಾಸ್ ಎಂದು ಬರೆದು ಸಹಿ ಹಾಕಿದಳು.

ಬೇಸಿಗೆ ಮುಗಿಯುವ ಮೊದಲೇ ಇಳಿಜಾರಿನಲ್ಲಿ ಬಸ್ಸಿನ ಚಕ್ರ ಹೂತು ಎರಡು ಕಾಲುವೆ ಬಿದ್ದವು. ಮ್ಯಾನೇಜರು ಲ್ಯಾಬಕ್ಕನ ರಿಪೋರ್ಟು ಮುಂದಿಟ್ಟುಕೊಂಡು ತೀರ್ಪು ಕೊಟ್ಟರು: “ಪರೀಕ್ಷೆ ಸರಿಯಾಗಿದೆ. ಆಮೇಲೆ ಟ್ಯಾಂಕಿನ ಹತ್ತಿರ ಎಡವಟ್ಟಾಗಿದೆ. ಆ ಕಲಕೋನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿ.” ಮೋಟಾರು ಕೆಟ್ಟಿದ್ದು ಆ ಮಹಾನುಭಾವರಿಗೆ ನೆನಪೇ ಬರಲಿಲ್ಲ.

ಆ ಮಧ್ಯಾಹ್ನ ಅವಳು ಬಾಗಿಲು ಹಾಕಿಕೊಂಡು, ಕಪಾಟಿನ ಡಬ್ಬಿ ಬಿಸಿ ಮಾಡಿ, ಎಳೆದು ಕತ್ತರಿಸಿದಳು. ಗಂಟೆ ಕಳೆದರೂ ತುಂಡುಗಳು ಇದ್ದಲ್ಲೇ ಸತ್ತು ಬಿದ್ದಿದ್ದವು. ಮ್ಯಾನೇಜರ ಕೋಣೆ ಹನ್ನೆರಡು ಹೆಜ್ಜೆ ದೂರ. ಹೋಗಿ ಹೇಳಿದರೆ ಅವನ ಕೆಲಸ ಉಳಿಯುತ್ತಿತ್ತು, ಅವಳ ಹೆಸರು ಹೋಗುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಅಂದು ಹೊಲಿದುಕೊಂಡಿತು. ಥೂ, ಅವಳ ಜನ್ಮಕ್ಕಿಷ್ಟು! ತುಂಡುಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಕಸಕ್ಕೆ ಹಾಕಿದಳು.

ಸಂಜೆ ಮೈದುನ ಟವೆಲ್ಲು, ಊಟದ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದ. ಬೈಸಿಕೊಳ್ಳಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

“ಅತ್ತಿಗೆ, ಇದರಿಂದ ನಿಮ್ಮ ಕೆಲಸಕ್ಕೇನೂ ತೊಂದರೆ ಆಗ್ಲಿಲ್ಲ ತಾನೇ?”

“ಇಲ್ಲಪ್ಪಾ,” ಎಂದಳು.