ಜುಮಾದಿಲ್ ಉಸ್ತಾ ಒಪ್ಪಿಕೊಂಡ ತಪ್ಪು

ಕಾರಕೋಲ್ ಊರಿನ ಮೇಲಿನ ಬೀದಿಗಳಲ್ಲಿ ಮನೆ ಬೆಚ್ಚಗಿಡುವ ಕೊಳವೆ ಕೂರಿಸುವವರು ಐದಾರು ಮಂದಿ ಇದ್ದರೂ ಜನ ಉಸ್ತಾ, ಅಂದರೆ ಪಳಗಿದ ಕಸುಬುದಾರ, ಎಂದು ಕರೆಯುತ್ತಿದ್ದುದು ಜುಮಾದಿಲನನ್ನೇ. ಒಲೆಯಲ್ಲಿ ಕಾದ ನೀರನ್ನು ಕೋಣೆ ಕೋಣೆಗೂ ತಳ್ಳುವ ಪಂಪನ್ನು ಅವನು ಕೂರಿಸಿದರೆ, ಸದ್ದೇ ಬಾರದು, ಅದು ಓಡುತ್ತಿದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮೂವತ್ತು ವರ್ಷ ದುಡಿದವನಿಗೆ ಇಷ್ಟು ಜಂಬವೂ ಬೇಡವೆಂದರೆ ಹೇಗೆ?

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಎರ್ಮೆಕನ ಮನೆಯಲ್ಲಿ. ಜನವರಿಯಲ್ಲಿ ಅಲ್ಲಿನ ಪಂಪು ಗೊರಗೊರ ಅನ್ನತೊಡಗಿತು. ಮೊದಲ ಸಲ ಉಸ್ತಾ ಕೊಳವೆಯಲ್ಲಿ ಸೇರಿದ್ದ ಗಾಳಿಯನ್ನು ಹೊರಬಿಟ್ಟು ಬಂದ. ಸುಮ್ಮನಿದ್ದದ್ದು ಮೂರೇ ದಿನ. ಎರಡನೆಯ ಸಲ ಹೊಸ ಪಂಪನ್ನೇ ಹಾಕಿದ. ಮತ್ತೆ ಅದೇ ಗೋಳು. ಮೂರನೆಯ ಸಲ ಎರ್ಮೆಕ್ ಬಾಗಿಲಲ್ಲೇ ಹಿಡಿದುಕೊಂಡ.

"ಬನ್ನಿ ಉಸ್ತಾ. ಟ್ರ್ಯಾಕ್ಟರ್ ತಗೊಂಡ್ರಾ ಅಂತ ಪಕ್ಕದ್ಮನೆಯವ್ರು ಕೇಳ್ತಿದಾರೆ."

"ಹೂಂ ಅಂದ್ಬಿಡು, ಮರ್ಯಾದೆ ಹೆಚ್ಚುತ್ತೆ."

"ತಮಾಷೆ ಸಾಕು. ಹೊಸಮನೆ ಕೆಲ್ಸಾನೂ ನಿಮ್ಗೇ ಅಂತಿದ್ದೆ. ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಎರ್ಮೆಕ್ ಕುದುರೆಗಳಿಗೆ ಹುಲ್ಲು ಹಾಕಲು ಹೋದ. ಉಸ್ತಾ ಒಲೆಕೋಣೆಯಲ್ಲಿ ಮಂಡಿಯೂರಿ, ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟ. ಬೇರಿಂಗ್ ಹೋಗಿದ್ದರೆ ಹಿಟ್ಟು ಬೀಸಿದಂತೆ ಕರಕರ ಅನ್ನಬೇಕು. ಇದು ನೀರಿನ ಜತೆ ಗಾಳಿ ಹೊರಳುವ ಸದ್ದು. ಅಟ್ಟ ಹತ್ತಿ ನೋಡಿದರೆ, ಕೊಳವೆಗಳಿಗೆ ನೀರೂಡಿಸಲೆಂದು ಹೋದ ವಾರ ತಾನೇ ತುಂಬಿಸಿದ್ದ ತೊಟ್ಟಿಯಲ್ಲಿ ನೀರು ತಳ ಹಿಡಿದಿತ್ತು. ಗಾಳಿ ನುಗ್ಗಿದ್ದು ಅಲ್ಲಿಂದಲೇ. ಆದರೆ ಗೋಡೆ, ನೆಲ ಎಲ್ಲ ಒಣ ಒಣ. ನೀರು ಹೋದದ್ದೆಲ್ಲಿಗೆ?

ಕೆಳಗಿಳಿದು ಒಂದೊಂದೇ ನಲ್ಲಿ ನೋಡಿದ. ಎಲ್ಲದರ ಮೇಲೂ ಕಲ್ಲಿದ್ದಲ ಧೂಳು. ಒಲೆಯ ಹಿಂದಿನ, ಕೊಳವೆ ಬರಿದು ಮಾಡಲೆಂದು ಇಟ್ಟ ನಲ್ಲಿ ಮಾತ್ರ ಕೈ ತಾಗಿ ತಾಗಿ ಫಳಫಳ ಹೊಳೆಯುತ್ತಿತ್ತು.

ಎರ್ಮೆಕನ ತಾಯಿ ಬುರುಲ್ ಅಪಾ ಬಂದವಳು ಅವನು ನೋಡುತ್ತಿದ್ದ ಕಡೆ ನೋಡಿ, ಮೆಲ್ಲಗೆ ಬಾಗಿಲು ಮುಚ್ಚಿದಳು.

"ನಾನೇ ಕಣೋ. ಬೆಳಗಿನ ನಮಾಜಿಗೆ ಕೈಕಾಲು ತೊಳ್ಯೋಕೆ ಒಂದು ದೊಡ್ಡ ಹೂಜಿ ಹಿಡ್ಕೋತೀನಿ. ಮೊದ್ಲು ತುಕ್ಕಿಗೆ ಕೆಂಪಗೆ ಬರುತ್ತೆ, ಆಮೇಲೆ ತಿಳಿಯಾಗುತ್ತೆ."

"ಸೊಸೆ ಕಾಯ್ಸಿ ಕೊಡಲ್ವಾ ಅಪಾ?"

"ಕೊಡ್ತಾಳೆ. ಅದಕ್ಕೇ ಎಬ್ಬಿಸಲ್ಲ. ಎರಡು ತಿಂಗಳ ಕೂಸು, ಜಿಬೆಕ್ ಕಣ್ಣು ಮುಚ್ಚೋದೇ ಬೆಳಗಿನ ಜಾವ. ನನ್ ಮಗನಿಗೆ ಗೊತ್ತಾದ್ರೆ ಅವಳ ಗತಿ?"

ಅದನ್ನು ಉಸ್ತಾನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅತ್ತೆ ತಾನೇ ಬಿಸಿನೀರು ಹಿಡಿದುಕೊಂಡಳೆಂದರೆ ಸೊಸೆ ಮರ್ಯಾದೆಗೆಟ್ಟವಳು; ಸಂಜೆಯೊಳಗೆ ಮಾತು ತವರು ಮುಟ್ಟುತ್ತದೆ, ಕಾರಣ ಯಾರಿಗೂ ಬೇಡ. ಮದುವೆಯ ಹೊಸದರಲ್ಲಿ ಅವನ ಹೆಂಡತಿಯೂ ಇಂಥದೇ ಮಾತಿಗೆ ಅತ್ತಿದ್ದಳು. ಆಗ ಅವನು ಅವಳ ಪರ ಬಾಯಿ ತೆರೆದಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮನೆಗೆ ಹೋಗಿ, ತನ್ನಲ್ಲಿ ಬಿದ್ದಿದ್ದ ಸಣ್ಣ ತಗಡಿನ ತೊಟ್ಟಿ ತಂದು ಒಲೆಯ ಹೊಗೆಕೊಳವೆಗೆ ಒತ್ತಿ ಕೂರಿಸಿ, ಅದಕ್ಕೊಂದು ನಲ್ಲಿ ಇಟ್ಟ. ಅದರಲ್ಲಿ ತುಂಬಿಟ್ಟ ನೀರು ಹೊಗೆಯ ಬಿಸಿಗೇ ಕಾಯುತ್ತದೆ, ಕೊಳವೆಯ ನೀರು ಮುಟ್ಟಬೇಕಿಲ್ಲ. ಅಟ್ಟದ ತೊಟ್ಟಿ ತುಂಬಿಸಿ ಗಾಳಿ ಬಿಟ್ಟ. ಪಂಪಿನ ಸದ್ದು ಅಡಗಿತು.

"ಏನಾಗಿತ್ತು?" ಎಂದು ಎರ್ಮೆಕ್ ಕೇಳಿದ.

ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಕೆಲಸವೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ತಪ್ಪು ನಂದೇ ಕಣಪ್ಪಾ. ಈ ತೊಟ್ಟೀನ ಮೊದ್ಲೇ ಇಡ್ಬೇಕಿತ್ತು, ಮರೆತೆ. ದಿನಾ ಬೆಳಿಗ್ಗೆ ಇದ್ರಿಂದ ಒಂದು ಹೂಜಿ ನೀರು ಹಿಡೀಲೇಬೇಕು. ಅಪಾನೇ ಹಿಡೀಲಿ, ಬೇರೆಯವ್ರು ನಲ್ಲಿ ಮುರೀತಾರೆ."

"ಮೂವತ್ತು ವರ್ಷದ ಉಸ್ತಾ ಇದನ್ನ ಮರೆಯೋದಾ? ವಯಸ್ಸಾಯ್ತು ಬಿಡಿ. ಹೊಸಮನೆಗೆ ಬೇರೆಯವ್ರನ್ನೇ ಕರೀತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರಾಯಿತು. ತುಂಬಾ ಬೇಜಾರಾಯಿತು. ಉಸ್ತಾ ತಲೆ ಎತ್ತದೆ ಸಾಮಾನು ಚೀಲಕ್ಕೆ ತುಂಬಿಕೊಂಡ.

"ನಿಲ್ಲೋ, ಹಾಗೇ ಹೋಗ್ಬೇಡ," ಎಂದು ಬುರುಲ್ ಅಪಾ ಹರಸಲು ಎರಡೂ ಅಂಗೈ ಮೇಲೆತ್ತಿದಳು.

"ಕೆಡಿಸಿದ ಕೆಲ್ಸಕ್ಕೂ ಆಶೀರ್ವಾದಾನಾ ಅಪಾ?" ಎಂದ ಎರ್ಮೆಕ್.

"ಬಾಯ್ಮುಚ್ಕೊಂಡು ನೀನೂ ಕೈ ಒಡ್ಡು."

ಎರ್ಮೆಕ್ ಒಡ್ಡಿದ. ಕೂಸನ್ನೆತ್ತಿಕೊಂಡು ಬಂದ ಜಿಬೆಕ್ ಒಂದೇ ಅಂಗೈ ಚಾಚಿದಳು.

"ದೇವ್ರೇ, ಈ ಮನೆ ಗಂಡಸ್ರಿಗೆ ಇವನಂಥ ಬುದ್ಧಿ ಕೊಡಪ್ಪಾ," ಅಂದಳು ಅಪಾ.

ಹರಕೆ ಮುಗಿಯಿತೆಂದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಯಾತಕ್ಕೆಂದು ತಿಳಿಯದೆ ಎರ್ಮೆಕನೂ ಸವರಿಕೊಂಡ.