ಶಾರ್ಕಿನ ಸೂಲಗಿತ್ತಿಗೆ ಆಮೆಯ ಮೇಲೆ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀನು ಇಳಿಸುವ ಕಟ್ಟೆಯಲ್ಲಿ, ತಗಡಿನ ಮಾಡಿನ ಕೆಳಗೆ, ಒದ್ದೆ ಸಿಮೆಂಟಿನ ಮೇಲೆ ಆಳುದ್ದಕ್ಕೂ ಮೀರಿದ ಶಾರ್ಕ್ ಮಲಗಿದೆ. ಸುತ್ತಿಗೆಯಂಥ ತಲೆಯ ಜಾತಿ. ಹತ್ತಿರದ ನೀರಿಗೆ ಹೋಗಿದ್ದ ದೋಣಿ ಆಗತಾನೆ ತಂದು ಹಾಕಿದೆ. ರಬ್ಬರ್ ಬೂಟು, ಗಂಡನ ಹಳೆಯ ಅಂಗಿ, ತಲೆಗೆ ಬಿಗಿದ ಟವೆಲ್ಲಿನ ಹೆಂಗಸೊಬ್ಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅದರ ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ರೆಕ್ಕೆ ಕೊಳ್ಳಲು ಬಂದ ವ್ಯಾಪಾರಿ ಅವಸರ ಮಾಡುತ್ತಾನೆ.

"ಅಕ್ಕಾ, ಮೊದಲು ರೆಕ್ಕೆ ಕೊಯ್ದು ಕೊಡು. ಗಾಡಿ ಕಾಯ್ತಾ ಇದೆ."

"ನಿನ್ನ ಗಾಡಿ ಬಸುರಿ ಅಲ್ವಲ್ಲ, ಕಾಯಲಿ."

ಕಟ್ಟೆಯಲ್ಲಿ ಎಲ್ಲರಿಗೂ ಇವರು ಕತ್ತಿಯಕ್ಕ. ಶಾರ್ಕ್ ಕೊಯ್ಯುವವರು ರೆಕ್ಕೆಯಿಂದ ಶುರು ಮಾಡುವುದು ವಾಡಿಕೆ. ಇವರದು ಉಲ್ಟಾ, ಮೊದಲು ಹೊಟ್ಟೆ. ಶಾರ್ಕ್‌ಗಳಲ್ಲಿ ಎಷ್ಟೋ ಜಾತಿಗಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ತಾಯಿ ಸತ್ತ ಮೇಲೂ ಒಳಗೆ ಸ್ವಲ್ಪ ಹೊತ್ತು ಮರಿಗಳಿಗೆ ಜೀವ ಇರುತ್ತದೆ.

ಕತ್ತಿಯ ತುದಿ ತೆಳುವಾಗಿ ಓಡುತ್ತದೆ. ಸುತ್ತಿಗೆ ತಲೆಯನ್ನು ಎರಡೂ ಕಡೆ ಮಡಿಸಿಕೊಂಡ ಮೊಳದುದ್ದದ ಮರಿಗಳು ಒಂದೊಂದಾಗಿ ಅವರ ಕೈಗೆ ಬರುತ್ತವೆ. ಮೊದಲು ನೋಡುವುದು ಹೊಕ್ಕುಳು. ಬಳ್ಳಿ ದಪ್ಪಗಿದ್ದರೆ ಇನ್ನೂ ದಿನ ತುಂಬಿಲ್ಲ, ನೀರಿಗೆ ಬಿಟ್ಟರೂ ಬದುಕುವುದಿಲ್ಲ. ಬಳ್ಳಿ ಎಳೆಯಷ್ಟಾಗಿದ್ದರೆ ಸಮುದ್ರದ ನೀರು ತುಂಬಿದ ಟಬ್ಬಿಗೆ. ಆರಂಭದಲ್ಲಿ ಒಮ್ಮೆ ಗಡಿಬಿಡಿಯಲ್ಲಿ, ರಕ್ತ ತೊಳೆಯಲು ಹಿಡಿದಿಟ್ಟಿದ್ದ ನಲ್ಲಿ ನೀರಿಗೇ ಹಾಕಿಬಿಟ್ಟಿದ್ದರಂತೆ. ಎಲ್ಲವೂ ಸತ್ತವು. "ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಯ್ತು" ಎನ್ನುತ್ತಾರೆ.

ಟಬ್ಬನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದು ಎದೆಮಟ್ಟದ ನೀರಿಗೆ ಹೋಗುತ್ತಾರೆ. ಮರಿಯನ್ನು ಸೆಳೆತಕ್ಕೆ ಮುಖ ಮಾಡಿ ಹಿಡಿದು ನಿಲ್ಲುತ್ತಾರೆ. ಬಾಲ ಒಮ್ಮೆ ಛಟಕ್ಕನೆ ಬಡಿದಾಗ ಕೈ ಸಡಿಲ. ಬರೆಯಲೆಂದು ಬಂದ ನನ್ನನ್ನು ಬಿಟ್ಟರೆ ನೋಡುವವರು ಯಾರೂ ಇಲ್ಲ. ವ್ಯಾಪಾರಿ ಅಷ್ಟರಲ್ಲಿ ಚಹಾ ಕುಡಿಯಲು ಹೋಗಿರುತ್ತಾನೆ.

ಇವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಇದೇ ದಂಡೆಯಲ್ಲಿ ಕಡಲಾಮೆಯ ಮೊಟ್ಟೆ ಕಾಯುತ್ತಾರೆ. ಆಮೆ ಮರಿ ಬಿಡುವ ದಿನ ಶಾಲೆಯ ಬಸ್ಸುಗಳು ಬರುತ್ತವೆ, ಕ್ಯಾಮೆರಾಗಳು ಬರುತ್ತವೆ. ದೋಣಿ ಮಾಲೀಕರ ಸಮಿತಿಯಲ್ಲಿ ಓರಗಿತ್ತಿಗೊಂದು ಕುರ್ಚಿ ಇದೆ. ಆಮೆ ಬಲೆಗೆ ಸಿಕ್ಕರೆ ಬಲೆ ಕತ್ತರಿಸಿ ಬಿಡಬೇಕೆಂದು ಎಲ್ಲ ದೋಣಿಗಳೂ ಒಪ್ಪಿವೆ. ಕತ್ತಿಯಕ್ಕನ ಮಗಳೇ ಆಮೆಯ ಚಿತ್ರದ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಾಳೆ.

"ಹೊಟ್ಟೆಕಿಚ್ಚು ಇಲ್ಲ ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ. ಆಮೆ ಅಳುತ್ತಂತೆ, ನೋಡಿದವರ ಕರುಳು ಚುರ್ ಅನ್ನುತ್ತಂತೆ. ಇದಕ್ಕೆ ಪಾಪ ಹಲ್ಲು ಮಾತ್ರ ಇದೆ. ಹಲ್ಲು ನೋಡಿ ಯಾರು ಟೀ ಶರ್ಟ್ ಹೊಲಿಸ್ತಾರೆ?"

ಹಿಂದೊಮ್ಮೆ ಕಡಲ ಸಂಶೋಧನೆಗೆಂದು ಬಂದಿದ್ದ ಹುಡುಗಿಯೊಬ್ಬಳು ಮರಿ ಬಿಡುವುದನ್ನು ನೋಡಿ ಮೆಚ್ಚಿದಳು. ಆದರೆ ಜೊತೆಗೇ ಹೇಳಿದಳು: ಇದು ದೊಡ್ಡದಾಗಿ ಮರಿ ಹಾಕುವಷ್ಟಾಗಲು ಹತ್ತಾರು ವರ್ಷ ಹಿಡಿಯುತ್ತದೆ. ಬಿಟ್ಟ ಮರಿಗಳಲ್ಲಿ ಉಳಿಯುವುದು ಕಡಿಮೆ. ಮರಿ ಹಾಕುವ ತಿಂಗಳುಗಳಲ್ಲಿ ದಂಡೆಯ ಹತ್ತಿರದ ನೀರಿಗೆ ದೊಡ್ಡ ಬಲೆ ಬೀಳದಿದ್ದರೆ ತಾಯಿಯೂ ಉಳಿಯುತ್ತದೆ. ಮೊದಲು ಆಗಬೇಕಾದ್ದು ಅದು.

ಆ ಮಾತನ್ನು ಮಾಲೀಕರ ಮುಂದೆ ಇಡಬೇಕು. ಮಾಲೀಕರ ಸಭೆ ನಾಳೆಯೇ. ಅಲ್ಲಿ ಕತ್ತಿಯಕ್ಕನಿಗೆ ಕುರ್ಚಿ ಇಲ್ಲ. "ಚಿಕ್ಕಮ್ಮನಿಗೆ ಒಂದು ಮಾತು ಹೇಳಮ್ಮ, ನಿನ್ನ ಗಂಟೇನು ಹೋಗುತ್ತೆ?" ಎಂದು ಮಗಳು ತಿಂಗಳಿನಿಂದ ಹೇಳುತ್ತಿದ್ದಾಳೆ. ಕೊನೆಗೆ ಈ ದಿನ ಕರೆಸಿದ್ದಾರೆ. ಮರಿ ಬಿಟ್ಟು ಬಂದು ರೆಕ್ಕೆಗೆ ಕತ್ತಿ ಹಚ್ಚುವ ಹೊತ್ತಿಗೆ ಬಿಳಿ ಟೋಪಿಯ ಓರಗಿತ್ತಿ ಮೂಗಿಗೆ ಸೆರಗು ಹಿಡಿದು ಬರುತ್ತಾರೆ.

"ಏನಕ್ಕಾ, ಕರೆಸಿದ್ರಂತೆ?"

"ನಾಳೆ ಸಭೆಯಲ್ಲಿ ನಿನ್ನ ಆಮೆ ಪುರಾಣ ಮುಗಿದ ಮೇಲೆ ಬಾಯಿ ಮುಚ್ಕೊಂಡು ಕೂರ್ತೀಯೋ, ಇನ್ನೂ ಸ್ವಲ್ಪ ಮಾತಾಡ್ತೀಯೋ?"

"ಯಾರ ಪರ?"

"ಈ ಹಲ್ಲಿನವಳ ಪರ." ಕತ್ತಿಯಲ್ಲೇ ತೋರಿಸುತ್ತಾರೆ.

ವಿಷಯ ಕೇಳಿದ ಓರಗಿತ್ತಿ, "ನೀವೇ ಬಂದು ಹೇಳಿ ಅಕ್ಕ, ನಾನು ಕರ್ಕೊಂಡು ಹೋಗ್ತೀನಿ" ಎನ್ನುತ್ತಾರೆ.

"ನಾನು ಹೇಳಿದ್ರೆ, ಕೊಯ್ಯೋಳೇ ಕೊಯ್ಯಬೇಡಿ ಅಂತಾಳೆ ಅಂತ ನಗ್ತಾರೆ. ನೀನು ಹೇಳಿದ್ರೆ ಚಪ್ಪಾಳೆ ತಟ್ಟುತ್ತಾರೆ."

ಓರಗಿತ್ತಿ ಸೆರಗು ಬಿಟ್ಟು ಖಾಲಿ ಟಬ್ಬಿನ ಕಡೆ ನೋಡುತ್ತಾರೆ. "ಆದ್ರೆ ಅಕ್ಕ, ಅವರು ಒಪ್ಪಿಬಿಟ್ರೆ ನಿಮಗೆ ಮರಿ ಬಿಡೋ ಕೆಲಸವೇ ಇರಲ್ವಲ್ಲ."

ಕತ್ತಿಯಕ್ಕ ಕತ್ತಿಯ ಎರಡೂ ಮಗ್ಗುಲನ್ನು ತೊಳೆಯುತ್ತಾರೆ. ಆಮೇಲೆ ಹೇಳುತ್ತಾರೆ, "ಗೊತ್ತು ಕಣೇ. ಅದಕ್ಕೇ ಇಷ್ಟು ದಿನ ನಿನ್ನ ಹತ್ರ ಬರಲಿಲ್ಲ. ನಿನಗಿಲ್ಲದ್ದು ನನ್ನ ಹತ್ರ ಇದ್ದಿದ್ದು ಅದೊಂದೇ."

ಮಾರನೆಯ ದಿನ ಸಭೆ ಸಂಜೆಯವರೆಗೂ ಎಳೆಯುತ್ತದೆ. ಕೂಗಾಟವೂ ಆಗುತ್ತದೆ. ಈ ಒಂದು ಸಲ ಮಾಡಿ ನೋಡೋಣ ಎಂದು ಮಾಲೀಕರು ಒಪ್ಪುತ್ತಾರೆ. ಊರಿನ ಸುದ್ದಿ ಹಾಳೆಯಲ್ಲಿ ಓರಗಿತ್ತಿಯ ಫೋಟೊ ಬರುತ್ತದೆ, ಬಿಳಿ ಟೋಪಿಯ ಸಮೇತ.

ಕೆಲವು ವಾರ ಬಿಟ್ಟು ನಾನು ಮತ್ತೆ ಕಟ್ಟೆಗೆ ಹೋದಾಗ ಕತ್ತಿಯಕ್ಕ ದೂರದ ನೀರಿನಿಂದ ಬಂದ ಬೇರೆ ಮೀನು ಕೊಯ್ಯುತ್ತಿದ್ದಾರೆ. ದಿನಗೂಲಿ ಇಳಿದಿದೆ, ಅದರ ಮಾತೆತ್ತುವುದಿಲ್ಲ. ಫೋಟೊ ನೋಡಿದಿರಾ ಎಂದರೆ ಮುಖ ಸಿಂಡರಿಸುತ್ತಾರೆ.

"ನೋಡ್ದೆ. ಹೊಟ್ಟೆ ಉರೀತು. ನನ್ನ ಮಗಳೇ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ, ದಿನಾ ಉರೀಲಿ ಅಂತ. ಇರಲಿ. ಆವತ್ತಿಂದ ಒಂದು ಬಸುರಿಯೂ ನನ್ನ ಕತ್ತಿ ಕೆಳಗೆ ಬಂದಿಲ್ಲ ಮೇಡಂ."

ಕತ್ತಿ ನಿಲ್ಲಿಸಿ ನೀರಿನ ಕಡೆ ನೋಡುತ್ತಾರೆ.

"ಅಲ್ಲೆಲ್ಲೋ ತಾವೇ ಹೆರ್ತಾ ಇರ್ತವೆ, ನಾನಿಲ್ದೆ. ಅದಕ್ಕೂ ಚೂರು ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳ್ಲಿ?"